ತಾಯಿಗಿಡದ ಮುಳ್ಳು

ಸಿದ್ದಕ್ಕನಿಗೆ ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ "ಒಬ್ಬಾಕಿ ಮಗಳು" ಎನ್ನುತ್ತಿದ್ದಳು. ಸುಳ್ಳಲ್ಲ, ಹಾಗಂತ ಪೂರ್ತಿ ಖರೆಯೂ ಅಲ್ಲ. ಮಗಳು ಭಾಗ್ಯಾಳನ್ನು ಮುಧೋಳದ ಕಡೆ ತಿಮ್ಮಾಪುರಕ್ಕೆ ಕೊಟ್ಟಿದ್ದರು. ಅವಳಿಗಿಂತ ಮೊದಲು ಒಂದು ಗಂಡು ಕೂಸಾಗಿತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಜ್ವರ ಬಂತು. ಮೈ ಸುಟ್ಟು ಸುಟ್ಟು, ಬೆಳಗಾಗುವಷ್ಟರಲ್ಲಿ ತಣ್ಣಗಾಯಿತು. ಅವರ ಹಳ್ಳಿ ಕೃಷ್ಣೆಯ ದಂಡೆಗೆ, ಅನಗವಾಡಿಯಿಂದ ದೂರವೇನಲ್ಲ. ಅಲ್ಲಿ ಎಳೆಗೂಸುಗಳನ್ನು ಅವರವರ ಹೊಲದಲ್ಲೇ ಮಣ್ಣು ಮಾಡುವುದು ರೂಢಿ. ಹಾಗೆಯೇ ಮಾಡಿದರು. ಮುಂದಿನ ಮಳೆಗೆ ಸಿದ್ದಕ್ಕ ತವರಿನಿಂದ ಒಂದು ಲಿಂಬೆಯ ಸಸಿ ತಂದು ಆ ಜಾಗದಲ್ಲಿ ನೆಟ್ಟಳು. ಯಾಕೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಗಂಡ ಕಾಮಣ್ಣ ಆ ಹೊತ್ತಿಗೆ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋಗಿದ್ದ. ಸುದ್ದಿ ಮುಟ್ಟಿ ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಂದವನು ಕಂಬಳಿ ಕೊಡವಿ ಕಟ್ಟೆಯ ಮೇಲೆ ಹಾಕಿ, ಕುಡಿಯಲು ನೀರು ಕೇಳಿದ. ಅಷ್ಟೇ! ಈ ನಾಡಿನ ಗಂಡಸರಿಗೆ ಏನು ಹೇಳೋಣ ಹೇಳಿ. ಒಂದು ಕುರಿಮರಿಯ ಕಾಲು ಉಳುಕಿದರೆ ಊರ ತುಂಬ ಹೇಳಿಕೊಂಡು ತಿರುಗುತ್ತಾರೆ. ಹೆತ್ತ ಕೂಸು ಹೋದರೆ ಹಲ್ಲು ಕಚ್ಚಿ ಕೂಡುತ್ತಾರೆ. ಅತ್ತರೆ ಗಂಟಲಿಗೆ ಏನು ರೋಗ ಬಡಿಯುತ್ತದೋ ಆ ಬೀರೇಶ್ವರನೇ ಬಲ್ಲ. ಅವತ್ತಿನಿಂದ ಗಂಡ ಹೆಂಡಿರ ನಡುವೆ ಆ ಕೂಸಿನ ಮಾತು ಬರಲಿಲ್ಲ. ಲಿಂಬೆಯ ಗಿಡದ ಮಾತೂ ಬರಲಿಲ್ಲ. ಗಿಡ ಮಾತ್ರ ತನ್ನ ಪಾಡಿಗೆ ಬೆಳೆಯಿತು, ಕಾಯಿತು, ಊರಿಗೆಲ್ಲ ಉಪ್ಪಿನಕಾಯಿಗೆ ಹಣ್ಣು ಕೊಟ್ಟಿತು. ಕಾಮಣ್ಣ ಒಂದು ದಿನವೂ ಅದರ ಹಣ್ಣು ಬಾಯಿಗೆ ಹಾಕಲಿಲ್ಲ. ಊಟದಲ್ಲಿ ಹೋಳು ಕಂಡರೆ ತಾಟಿನ ಅಂಚಿಗೆ ಸರಿಸುತ್ತಿದ್ದ.

ಆಲಮಟ್ಟಿಯ ನೀರು ಬರುತ್ತದೆ, ಊರು ಮುಳುಗುತ್ತದೆ ಎಂಬ ಮಾತು ಗಟ್ಟಿಯಾಗುತ್ತಿದ್ದ ಕಾಲಕ್ಕೇ ಗಿಡಕ್ಕೂ ಕೇಡು ಬಂತು. ಎಲೆ ಹಳದಿಯಾದವು. ಟೊಂಗೆಗಳು ತುದಿಯಿಂದ ಒಣಗುತ್ತ ಬಂದವು. ಹೂ ಬಿಡುತ್ತಿತ್ತು, ಕಾಯಿ ನಿಲ್ಲುತ್ತಿರಲಿಲ್ಲ. ನಿಂತ ಒಂದೆರಡೂ ಗೋಲಿಯಷ್ಟಾಗಿ ಒಣಗಿ ಉದುರುತ್ತಿದ್ದವು. ಸಿದ್ದಕ್ಕ ಬೂದಿ ಎರಚಿದಳು, ಹಿಂಡಿ ಹಾಕಿದಳು, ಬೀರೇಶ್ವರನ ಗುಡಿಯ ಭಂಡಾರದ ಅರಿಶಿನ ತಂದು ಬೊಡ್ಡೆಗೆ ಹಚ್ಚಿದಳು. ಗಿಡ ಕೇಳಲಿಲ್ಲ.

ಅಂಥ ಹೊತ್ತಿನಲ್ಲಿ ಉಜ್ವಲಾ ಬಂದಳು. ಬನಹಟ್ಟಿಯ ನೇಕಾರರ ಮನೆಯ ಹುಡುಗಿ. ಧಾರವಾಡದಲ್ಲಿ ಕೃಷಿ ಓದಿ, ಜಮಖಂಡಿಯ ಹೊರಗೆ ಖಾಸಗಿಯವರೊಬ್ಬರು ತೆರೆದಿದ್ದ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಬಾಟಲಿಗಳಲ್ಲಿ ಬಾಳೆಯ ಸಸಿ ಬೆಳೆಸಿ ರೈತರಿಗೆ ಮಾರುತ್ತಿದ್ದರು. ಪಕ್ಕದ ಹೊಲದ ಅಮಸಿದ್ದಪ್ಪ ಅವರಿಂದ ಬಾಳೆ ತಂದು ಹಚ್ಚಿದ್ದ. ಅದನ್ನು ನೋಡಲು ಬಂದವಳು ಬಿಸಿಲಿಗೆ ಬಳಲಿ ಸಿದ್ದಕ್ಕನ ಹತ್ತಿರ ಮಜ್ಜಿಗೆ ಇಸಿದುಕೊಂಡು ಕುಡಿದಳು. ಕುಡಿಯುತ್ತ ಕುಡಿಯುತ್ತ ಲಿಂಬೆಯ ಕಡೆಗೆ ನೋಡಿದಳು. ಎದ್ದು ಹೋಗಿ ಒಂದು ಟೊಂಗೆಯ ತೊಗಟೆಯನ್ನು ಉಗುರಿನಿಂದ ಕೆರೆದಳು. ಒಳಗೆ ಕಟ್ಟಿಗೆಯ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಕುಳಿ.

"ಇದಕ್ಕ ಔಷಧ ಇಲ್ರಿ ಸಿದ್ದಕ್ಕಾರ. ವೈರಸ್ ಬಡದೈತಿ. ಕರೀ ಹೇನು ಇರತಾವಲ್ರಿ ಕುಡಿ ಮ್ಯಾಲೆ, ಅವು ಹಚ್ಚತಾವ."

"ಟೊಂಗಿ ಕಡದು ಬ್ಯಾರೆ ಕಡೆ ಊರಿದ್ರ ಆಗಾಂಗಿಲ್ಲೇನ ತಂಗಿ?"

"ಟೊಂಗಿ ಹಿಂದನ ರೋಗಾನೂ ಬರತೈತಿ. ಬೀಜ ಸಿಕ್ಕಿದ್ರ ಚಿಂತಿನ ಇರಲಿಲ್ಲ, ಬೀಜಕ್ಕ ಇದು ಹೋಗಾಂಗಿಲ್ಲ. ಹಣ್ಣ ಆಗವಲ್ದಲ್ರಿ." ಹುಡುಗಿ ಲೋಟ ಕೆಳಗಿಟ್ಟಳು. "ಹ್ಯಾಂಗೂ ಊರ ಮುಳುಗತೈತಿ. ಹೊಸಾ ಸಸಿ ತಂದು ಅಲ್ಲಿ ಹಚ್ಚರಿ, ಲಿಂಬಿಗೇನ ಬರ ಐತಿ?"

ಸಿದ್ದಕ್ಕನಿಗೆ ಎಲ್ಲಿತ್ತೋ ಅಷ್ಟು ದಿನದ ಅಳು! ಗುರುತಿಲ್ಲದ ಹುಡುಗಿಯ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ಗಿಡದ ಬುಡದಲ್ಲಿ ಯಾರಿದ್ದಾರೆ ಎಂಬುದನ್ನು ಹೇಳಿದಳು. ದೇವರನ್ನು ಡೊಳ್ಳು ಬಾರಿಸಿ ಎತ್ತಿಕೊಂಡು ಹೊಸ ಊರಿಗೆ ಒಯ್ಯುತ್ತಾರೆ, ಬಾಗಿಲು, ತೊಲೆ, ಬೀಸುವ ಕಲ್ಲು ಸಹ ಒಯ್ಯುತ್ತಾರೆ, ಇವನನ್ನು ಹೇಗೆ ಒಯ್ಯಲಿ ಎಂದಳು. ಉಜ್ವಲಾ ಚೀಲದಿಂದ ಚಾಕು ತೆಗೆದು, ಹಸಿರಿದ್ದ ಒಂದಿಷ್ಟು ಕಡ್ಡಿ ಕತ್ತರಿಸಿ, ಒದ್ದೆ ಅರಿವೆಯಲ್ಲಿ ಸುತ್ತಿಕೊಂಡಳು.

"ಒಂದು ದಾರಿ ಐತ್ರಿ. ಆಗತೈತಿ ಅಂತ ಮಾತ ಕೊಡಾಂಗಿಲ್ಲ."

ದಾರಿ ಏನೆಂಬುದನ್ನು ಸಿದ್ದಕ್ಕ ಕಣ್ಣಾರೆ ಕಂಡದ್ದು ಬೇಸಿಗೆಯಲ್ಲಿ, ಜಮಖಂಡಿಗೆ ಹೋದಾಗ. ಲ್ಯಾಬಿನ ಮೂಲೆಯಲ್ಲಿ ಗಾಜಿನ ಬಾಗಿಲಿನ ಒಂದು ದೊಡ್ಡ ಕಪಾಟು. ಒಳಗೆ ದೀಪ ಉರಿಯುತ್ತಿದ್ದವು. ಕುಂಡಗಳಲ್ಲಿ ಅವಳ ಲಿಂಬೆಯ ಕಡ್ಡಿಯಿಂದ ತೆಗೆದ ಕಣ್ಣು, ಅಂದರೆ ಮೊಗ್ಗು, ಕಸಿ ಮಾಡಿದ ಸಸಿಗಳು ಸಾಲಾಗಿ ನಿಂತಿದ್ದವು. ಅರ್ಧಕ್ಕರ್ಧ ಎಲೆ ಸುಟ್ಟು ತಲೆ ಬಗ್ಗಿಸಿದ್ದವು. ಹೊರಗಿನ ಬಿಸಿಲು ಸಾಲದೆಂಬಂತೆ ಒಳಗೆ ಹಗಲೂ ರಾತ್ರಿ ಕಾವು! ಸಿದ್ದಕ್ಕ ಗಾಜಿನ ಮೇಲೆ ಅಂಗೈ ಇಟ್ಟಳು, ಇಟ್ಟವಳು ಹಾವು ತುಳಿದವಳ ಹಾಗೆ ಹಿಂದೆ ಸರಿದಳು. ಅದು ಅವತ್ತು ಕೂಸಿನ ಹಣೆಯ ಮೇಲೆ ಕೈಗೆ ತಾಕಿದ ಬಿಸಿ.

"ಆರಸ ತಂಗಿ ಅದನ್ನ! ಯವ್ವಾ, ಸುಡಬ್ಯಾಡ. ಇದ ಕಾವಿಗೇ ಹೋದಾವ ಅವ."

"ಸುಡೂದಲ್ರಿ ಇದು," ಉಜ್ವಲಾ ಅವಳನ್ನು ಹಿಡಿದು ಕೂರಿಸಿದಳು. "ಕೇಳ್ರಿ ಇಲ್ಲೆ. ಈ ಕಾವಿನಾಗ ಗಿಡಕ್ಕೂ ತ್ರಾಸ ಆಗತೈತಿ ಖರೆ, ಆದ್ರ ವೈರಸ್‌ಗೆ ಇನ್ನೂ ಹೆಚ್ಚಿನ ತ್ರಾಸ. ಅದು ಸೊರಗಿ ಹಿಂದ ಉಳೀತೈತಿ, ಚಿಗುರು ಮುಂದ ಓಡತೈತಿ. ಆ ಚಿಗುರಿನ ತುತ್ತ ತುದಿಗೆ ರೋಗ ಇನ್ನೂ ಮುಟ್ಟಿರಾಂಗಿಲ್ಲ. ಅಷ್ಟ ಕತ್ತರಿಸಿ ತಗೊಂತೇವಿ. ಗಸಗಸಿ ಕಾಳಿಗಿಂತ ಸಣ್ಣದು."

ಆಮೇಲಿನ ಕೆಲಸವನ್ನೂ ತೋರಿಸಿದಳು. ಬೇರೆ ಬೀಜದಿಂದ ಬಾಟಲಿಯೊಳಗೆ ಹುಟ್ಟಿದ ಎಳೆ ಸಸಿ, ದಾರದಷ್ಟು ತೆಳ್ಳಗೆ. ಅದರ ತಲೆ ಕತ್ತರಿಸಿ, ಸೂಕ್ಷ್ಮದರ್ಶಕದ ಕೆಳಗೆ ಆ ತುದಿಯನ್ನು ಅದರ ಮೇಲೆ ಕೂರಿಸಬೇಕು. ಉಸಿರು ಬಿಟ್ಟರೂ ಹಾರಿಹೋಗುತ್ತದೆ. ಮಗ್ಗದಲ್ಲಿ ಕಡಿದ ಎಳೆ ಹಚ್ಚುವುದನ್ನು ಮನೆಯಲ್ಲಿ ನೋಡುತ್ತ ಬೆಳೆದ ಕೈ, ಆದರೂ ಹತ್ತರಲ್ಲಿ ಒಂದು ಹಿಡಿದರೆ ಪುಣ್ಯ ಎಂದಳು. ಮಾಲೀಕನಿಗೆ ಬಾಳೆ ಬಿಟ್ಟರೆ ಬೇರೆ ಬೇಡ. ಇದು ಇವಳು ಊಟದ ಹೊತ್ತು ಬಿಟ್ಟು ಮಾಡುತ್ತಿದ್ದ ಕೆಲಸ. ಅಂತೂ ಕಾವಿಗೆ ಸತ್ತವು ಸತ್ತವು, ಬೂಷ್ಟು ಹಿಡಿದವು ಹಿಡಿದವು, ಕೂರಿಸಿದ ತುದಿ ಒಣಗಿ ಹೋದವು ಹೋದವು, ಕೊನೆಗೆ ಉಳಿದದ್ದು ಒಂದೇ ಒಂದು. ಅದು ಬಾಟಲಿಯಿಂದ ಕುಂಡಕ್ಕೆ ಬಂತು, ವರ್ಷ ತುಂಬುವಷ್ಟರಲ್ಲಿ ಮೊಳದೆತ್ತರ ಆಯಿತು. ಎಲೆಯನ್ನು ಪರೀಕ್ಷೆಗೆ ಕಳಿಸಿದರು. ರೋಗ ಇಲ್ಲ ಎಂದು ಬಂತು.

ಆ ಹೊತ್ತಿಗೆ ಊರಿನ ಅರ್ಧ ಮನೆಗಳ ಮಾಡು ಇಳಿದಿತ್ತು. ಕಾಮಣ್ಣ, ಸಿದ್ದಕ್ಕ ಎತ್ತರದ ದಿನ್ನೆಯ ಪುನರ್ವಸತಿ ಕೇಂದ್ರಕ್ಕೆ ಬಂದಿದ್ದರು. ಹೆಸರು ನೋಡಿ, ಕೇಂದ್ರವಂತೆ! ಕಲ್ಲು, ಕಂಟಿ, ಗಾಳಿ ಬಿಟ್ಟರೆ ಅಲ್ಲಿ ಮತ್ತೇನಿತ್ತು? ಮೊದಲ ಮಳೆ ಬಿದ್ದ ಮೇಲೆ ಉಜ್ವಲಾ ತಾನೇ ಗಿಡ ಹೊತ್ತು ತಂದು ಹಿತ್ತಲಲ್ಲಿ ನೆಡಿಸಿದಳು. ಸುತ್ತ ಕೋಲು ಊರಿ, ಸಣ್ಣ ಕಣ್ಣಿನ ಬಿಳಿ ಪರದೆಯನ್ನು ಸೊಳ್ಳೆಪರದೆಯ ಹಾಗೆ ಇಳಿಬಿಟ್ಟಳು.

"ಸಿದ್ದಕ್ಕಾರ, ಇದು ರೋಗ ಗೆದ್ದ ಗಿಡ ಅಲ್ಲ, ರೋಗ ಇಲ್ಲದ ಗಿಡ ಅಷ್ಟ. ಮತ್ತ ಮುಟ್ಟಿದ್ರ ಮತ್ತ ಬರತೈತಿ. ಹಳೇ ಗಿಡದ ಒಂದು ಎಲಿ ಸುದ್ದಾ ಇದರ ಹತ್ತರ ತರಬ್ಯಾಡ್ರಿ. ಮನ್ಯಾಗ ಎಲ್ಲಾರಿಗೂ ಹೇಳಿಡ್ರಿ."

"ಹೇಳತೇನಿ," ಎಂದಳು ಸಿದ್ದಕ್ಕ.

ಹೇಳಲಿಲ್ಲ. ಹೇಗೆ ಹೇಳುತ್ತಾಳೆ? ಇದು ಯಾವ ಗಿಡ, ಎಲ್ಲಿಂದ ಬಂತು ಎಂದು ಕಾಮಣ್ಣ ಕೇಳಿದ್ದರೆ ತಾನೇ! ಅವನು ಪರದೆಯನ್ನು ಒಂದು ಸಲ ನೋಡಿದ, ಎಲೆ ಅಡಿಕೆ ಉಗುಳಿ ಕುರಿಯ ಹಟ್ಟಿಯ ಕಡೆ ಹೋದ. ಇಪ್ಪತ್ತೆರಡು ವರ್ಷ ಬಾಯಿಗೆ ಬಾರದ್ದು ಈಗ ಒಂದು ಪರದೆಯ ನೆಪದಲ್ಲಿ ಬರಲಿಲ್ಲ. ಅಷ್ಟರಲ್ಲಿ ಭಾಗ್ಯಾಳ ಹೆರಿಗೆ ಹತ್ತಿರ ಬಂತು. ತವರುಮನೆಗೆ ಇನ್ನೂ ಬಾಗಿಲು ಕೂರಿಸಿರಲಿಲ್ಲ, ಬಾಣಂತನ ಎಲ್ಲಿ ಮಾಡುವುದು? ಸಿದ್ದಕ್ಕ ತಾನೇ ಗಂಟು ಕಟ್ಟಿಕೊಂಡು ತಿಮ್ಮಾಪುರಕ್ಕೆ ಹೋದಳು. ಮೊಮ್ಮಗಳು ಹುಟ್ಟಿದಳು. ಆಕೆಗೆ ಎಣ್ಣೆ ನೀರು ಎರೆಯುತ್ತ, ಕೈ ಅಲ್ಲಿದ್ದರೂ ಜೀವವೆಲ್ಲ ಹಿತ್ತಲಿನ ಗಿಡದ ಮೇಲೆಯೇ ಇತ್ತು.

ಶ್ರಾವಣದಲ್ಲಿ ಹಿನ್ನೀರು ಹೊಲಗಳಿಗೆ ಏರಿತೆಂಬ ಸುದ್ದಿ ಬಂತು. ಮನೆಗೆ ಬಂದು ಹಿತ್ತಲಿಗೆ ಕಾಲಿಟ್ಟ ಸಿದ್ದಕ್ಕ ಅಲ್ಲೇ ನಿಂತಳು. ಪರದೆಯ ಸುತ್ತ ಎದೆಮಟ್ಟ ಮುಳ್ಳಿನ ಬೇಲಿ. ಕುರಿಯವರ ಕೈಯ ಬೇಲಿ ಅದು. ಮರಿಗಳನ್ನು ತೋಳನಿಂದ ಕಾಯಲು ಅಡವಿಯಲ್ಲಿ ಕಟ್ಟುವಂಥದ್ದು, ಒಂದು ಟೊಂಗೆ ಇನ್ನೊಂದರೊಳಗೆ ಹೆಣೆದು ಕೈ ತೂರದಂತೆ ಒತ್ತಿದ್ದು. ಜಾಲಿಯ ಮುಳ್ಳಲ್ಲ, ಬೋರೆಯದೂ ಅಲ್ಲ. ಆ ಮುಳ್ಳು, ಆ ಎಲೆ, ಆ ವಾಸನೆ ಅವಳಿಗೆ ಗೊತ್ತಿರದೆ ಮತ್ತಾರಿಗೆ ಗೊತ್ತು? ಟೊಂಗೆ ಇನ್ನೂ ಹಸಿಯಾಗಿದ್ದವು. ಮುಳ್ಳು ಒತ್ತಿ ಪರದೆ ಅಲ್ಲಲ್ಲಿ ಹರಿದಿತ್ತು. ಒಂದು ಕುಡಿಯ ಮೇಲೆ ಕರೀ ಹೇನು ಮುತ್ತಿ, ಇರುವೆ ಮೇಲೆ ಕೆಳಗೆ ಓಡಾಡುತ್ತಿದ್ದವು.

ಕಾಮಣ್ಣ ಹಿಂದೆ ಬಂದು ನಿಂತಿದ್ದ. ಮೊಣಕೈ ತನಕ ತರಚಿದ ಗಾಯ, ಮೇಲೆ ಅರಿಶಿನ ಮೆತ್ತಿಕೊಂಡಿದ್ದ.

"ನಿನ್ನಿ ನೀರು ಬದುವಿಗೆ ಬಂದಿತ್ತು. ಮೊಣಕಾಲ ನೀರಾಗ ನಿಂತು ಕಡದ್ನಿ," ಎಂದ. "ಆ ಅರಿಬಿಗೆ ಆಡು ಅಂಜತಾವೇನು? ಒಂದ ಎಳತಕ್ಕ ಹರೀತಾವ. ಅವನ ಗಿಡದ ಮುಳ್ಳ, ಅವನ್ನ ಕಾಯಾಕ ಆಗ್ಲಿ ಅಂದ್ನಿ."

ಅವನ! ಹಾಗಾದರೆ ಇವನಿಗೆ ಎಲ್ಲ ಗೊತ್ತಿತ್ತು, ಹುಡುಗಿ ಕಡ್ಡಿ ಒಯ್ದದ್ದೂ.

"ಈ ವರ್ಷ ಕುರಿ ಹಿಂದ ದೂರ ಹೋಗಾಂಗಿಲ್ಲ ನಾ," ನೆಲ ನೋಡುತ್ತಲೇ ಅಂದ ಕಾಮಣ್ಣ. "ಆಗ ಇರಲಿಲ್ಲ. ಈಗರ ಇರತೇನಿ."

ಹೇಳಬೇಕಿತ್ತು. ಆ ಕ್ಷಣವೇ 'ಕೀಳ್ರಿ ಇದನ್ನ, ಕಿತ್ತು ಸುಡ್ರಿ' ಎನ್ನಬೇಕಿತ್ತು. ಮಾತು ನಾಲಗೆಯ ತುದಿಗೇ ಬಂದಿತ್ತು. ಆದರೆ ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ ಬಾಯಿ ಬಿಟ್ಟ ಗಂಡನ ರಕ್ತ ಮೆತ್ತಿದ ಕೈ ನೋಡುತ್ತ ಯಾವ ಹೆಂಗಸು ಅದನ್ನು ಹೇಳಿಯಾಳು? "ಛಲೋ ಕಟ್ಟೀರಿ" ಎಂದುಬಿಟ್ಟಳು ಸಿದ್ದಕ್ಕ. ಸೆರಗಿನಿಂದ ಅವನ ಮೊಣಕೈ ಒರೆಸಿದಳು. ಮರುದಿನ ಅವನು ಕುರಿ ಬಿಟ್ಟುಕೊಂಡು ಹೋದ ಮೇಲೆ ಕೂತು, ಬೇಲಿಯ ಒಂದೊಂದೇ ಎಲೆ ತರಿದು ಒಲೆಗೆ ಹಾಕಿದಳು, ಟೊಂಗೆಗಳಿಗೆಲ್ಲ ಬೂದಿ ಬಳಿದಳು, ಹರಿದ ಪರದೆಯನ್ನು ಸೂಜಿ ದಾರ ಹಾಕಿ ಹೊಲಿದಳು. ಕೈಯೆಲ್ಲ ಮುಳ್ಳು ಚುಚ್ಚಿತು. ಇಷ್ಟು ಮಾಡಿದ ಮೇಲೆ ಏನಾಗುತ್ತದೆ, ಏನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಆ ತಿಂಗಳುಗಳು ಚೆನ್ನಾಗಿದ್ದವು. ಅದನ್ನೂ ಹೇಳಬೇಕು. ಸಂಜೆ ಕಾಮಣ್ಣ ಹಿತ್ತಲಲ್ಲಿ ಕೂತು ಬೀಡಿ ಸೇದುತ್ತ ಒಂದೊಂದು ಮಾತಾಡುತ್ತಿದ್ದ. ಕೂಸಿನ ಮೂಗು ಯಾರ ಹಾಗಿತ್ತು ಎಂದು ಒಂದು ದಿನ ಕೇಳಿದ. ನಿಮ್ಮ ಹಾಗೇ ಅಗಲ ಎಂದಳು. ಅವನು ಮೂಗು ಮುಟ್ಟಿಕೊಂಡು ನಕ್ಕ. ಹೆಸರಿಡುವುದಿದ್ದರೆ ಮಾಳು ಎಂದು ಇಡುತ್ತಿದ್ದೆ ಎಂದ. ಇಬ್ಬರೂ ಆಮೇಲೆ ಗಿಡಕ್ಕೆ ಮಾಳು ಎಂದೇ ಕರೆದರು. ಮಾಳೂಗ ನೀರ ಹಾಕಿದೇನು, ಮಾಳು ಎಷ್ಟ ಎತ್ತರ ಆಗ್ಯಾನ ನೋಡು. ಗಿಡವೂ ಚಿಗುರಿ ಪರದೆಗೆ ತಲೆ ಹಚ್ಚಿತು.

ದೀಪಾವಳಿ ಮುಗಿದ ಮೇಲೆ ಉಜ್ವಲಾ ಬಂದಳು. ಮುಖ ಇಳಿದಿತ್ತು. ಕಾಮಣ್ಣ ಕುರಿಯ ಹಿಂದಿದ್ದ. ಅವಳು ಬೇಲಿ ನೋಡಿದಳು. ಸಂದಿಯಲ್ಲಿ ಕೈ ಹಾಕಿ ಒಂದು ಎಳೆಯ ಎಲೆ ಕಿತ್ತು ಬಿಸಿಲಿಗೆ ಹಿಡಿದಳು. ಸಿದ್ದಕ್ಕನನ್ನೂ ಕರೆದು ತೋರಿಸಿದಳು. ಎಲೆಯ ನರಗಳು ಒಂದೇ ಸಮ ಹಸಿರಾಗಿರಲಿಲ್ಲ. ಅಲ್ಲಲ್ಲಿ ತುಂಡು ತುಂಡಾಗಿ, ಬೆಳಕು ಹಾಯುವಂತೆ ತಿಳಿಯಾಗಿದ್ದವು.

"ಬಂದೈತ್ರಿ," ಎಂದಳು.

ಸಿದ್ದಕ್ಕ ಅವಳ ಕೈ ಹಿಡಿದಳು. "ಮತ್ತ ಆ ಕಪಾಟಿನಾಗ ಇಡು ತಂಗಿ. ಈ ಸಲ ಆರಸ ಅನ್ನಾಂಗಿಲ್ಲ ನಾ. ಎಷ್ಟರ ಕಾವು ಕೊಡು."

"ಲ್ಯಾಬ್ ಬಂದ್ ಆಗೈತ್ರಿ, ಕಪಾಟೂ ಮಾರ್ಯಾರ. ಬ್ಯಾರೆ ಎರಡು ಕಡೆ ಕೇಳೇನಿ. ಒಬ್ಬರ ಹಿತ್ತಲದ ಒಂದು ಲಿಂಬಿಗೆ ಅಷ್ಟೆಲ್ಲಾ ಮಾಡಾಂಗಿಲ್ಲ ಅಂದ್ರು." ಹುಡುಗಿಯ ಕಣ್ಣು ತುಂಬಿದ್ದವು. "ನಾನೂ ಕೆಲಸಾ ಬಿಟ್ಟು ಬನಹಟ್ಟಿಗೆ ಹೊಂಟೇನಿ. ಯಾರ ಕಟ್ಟಿದ್ರಿ ಈ ಬೇಲಿ?"

"ನಾನ," ಎಂದಳು ಸಿದ್ದಕ್ಕ.

ಉಜ್ವಲಾ ಅವಳ ಮುಖ ನೋಡಿದಳು, ನಂಬಿದಳೋ ಇಲ್ಲವೋ. ಬೇಲಿಯಾಚೆಗೆ ಕೈ ಮಾಡಿದಳು. ಅಲ್ಲಿ, ಈ ದಿನ್ನೆಯಲ್ಲೂ ಮಗ್ಗುಲಿಗೇ ಜಾಗ ಸಿಕ್ಕಿದ್ದ ಅಮಸಿದ್ದಪ್ಪ ಈ ಮಳೆಗಾಲದಲ್ಲಿ ಹೊಸದಾಗಿ ಲಿಂಬೆಯ ತೋಟ ಹಚ್ಚಿದ್ದ. ಮುಳುಗಿದ ಬಾಳೆಯ ಬದಲಿಗೆ ಅವನಿಗಿದ್ದದ್ದು ಅದೊಂದೇ. ಈ ಗಿಡ ಇದ್ದಷ್ಟು ದಿನ ಹೇನು ಇಲ್ಲಿಂದ ಅಲ್ಲಿಗೆ ಹಾರುತ್ತದೆ, ಇದೂ ಹಳೆಯದರ ಹಾಗೆ ಒಣಗುತ್ತದೆ, ಅಷ್ಟರಲ್ಲಿ ಅವನ ಸಸಿಗಳೂ ಹೋಗಿರುತ್ತವೆ. ಬೇರು ಸಮೇತ ಕಿತ್ತು ಸುಡಬೇಕು. ಕೀಳು ಎಂದು ನಾ ಹೇಗೆ ಹೇಳಲಿ, ನಿಮಗೆ ಬಿಟ್ಟದ್ದು ಎಂದಳು. ಚಹಾ ಕುಡಿಯದೆ ಹೋದಳು.

ಸಿದ್ದಕ್ಕ ಒಬ್ಬಳೇ ಉಳಿದಳು. ಅಮಸಿದ್ದಪ್ಪನ ಹೆಂಡತಿ ಆಚೆ ಕೊಡದಿಂದ ಸಸಿಗಳಿಗೆ ನೀರು ಹಾಕುತ್ತಿದ್ದಳು. ಒಂದೊಂದು ಸಸಿಗೂ ಬಗ್ಗಿ, ಬುಡಕ್ಕೆ ಕೈಯಿಂದ ಮಣ್ಣು ಸರಿಸಿ. ಸಿದ್ದಕ್ಕ ಅದನ್ನು ನೋಡಿದಳು. ಎದ್ದಳು. ಬೇಲಿಯ ಒಂದು ಮಗ್ಗುಲನ್ನು ಎಳೆದು ದಾರಿ ಮಾಡಿ, ಪರದೆ ಎತ್ತಿ, ಎರಡೂ ಕೈಯಿಂದ ಬುಡ ಹಿಡಿದಳು. ಎಳೆಯ ಗಿಡ, ಆದರೂ ಸುಲಭಕ್ಕೆ ಬರಲಿಲ್ಲ. ನೆಲಕ್ಕೆ ಕಾಲು ಕೊಟ್ಟು ಎಳೆದಾಗ ಬಂತು. ನೀರೊಲೆಗೆ ಹಾಕಿದಳು. ಹಸಿಯದು, ಬಹಳ ಹೊತ್ತು ಹೊಗೆಯಾಡಿತು. ಕಣ್ಣೀರು ಯಾವುದು ಹೊಗೆಯದು, ಯಾವುದು ತನ್ನದು ಎಂದು ಅವಳಿಗೇ ತಿಳಿಯಲಿಲ್ಲ. ಬೆಂಕಿಯ ಮುಂದೆ ಕೂತು ಒಂದೇ ಯೋಚನೆ. ಅವನಿಗೆ ಏನೆಂದು ಹೇಳುವುದು? ನೀವು ನೀರಿನಲ್ಲಿ ನಿಂತು ಕಡಿದು ತಂದದ್ದೇ ಇದನ್ನು ಕೊಂದಿತು, ನಾನು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ ಎಂದೇ? ಹೇಳಿದರೆ ಆ ಮನುಷ್ಯ ಇನ್ನು ಸಾಯುವ ತನಕ ಬಾಯಿ ತೆರೆಯುವುದಿಲ್ಲ.

ಸಂಜೆ ಕಾಮಣ್ಣ ಕುರಿ ಕೂಡಿ ಹಾಕಿ ಹಿತ್ತಲಿಗೆ ಬಂದ. ತೆರೆದ ಬೇಲಿ, ಜೋತುಬಿದ್ದ ಪರದೆ, ಖಾಲಿ ಗುಣಿ.

"ಆಡು ಹೊಕ್ಕಿದ್ವು," ಎಂದಳು ಸಿದ್ದಕ್ಕ. "ಬೊಡ್ಡಿತನಕ ಮೇದು ಬಿಟ್ಟಿದ್ವು. ನೋಡಾಕ ಆಗಲಿಲ್ಲ, ಕಿತ್ತ ಒಗದ್ನಿ."

ಅವನು ಬೈಯಲಿಲ್ಲ. ಯಾರ ಆಡು ಎಂದೂ ಕೇಳಲಿಲ್ಲ. ಗುಣಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಅದರ ಅಂಚಿನ ಮಣ್ಣನ್ನು ಬೆರಳಿನಿಂದ ಪುಡಿ ಮಾಡಿದ.

"ಬೇಲಿ ತೆಳ್ಳಗ ಆತು," ಎಂದ. "ನಂದ ತಪ್ಪು. ಇನ್ನೂ ನಾಕು ಟೊಂಗಿ ತರಬೇಕಿತ್ತು, ಸೆಳವಿಗೆ ಅಂಜಿ ಬಂದ್ನಿ."

"ಇಲ್ರಿ, ನಿಮ್ಮದೇನೂ..." ಎಂದಳು ಸಿದ್ದಕ್ಕ. ಖರೆ ಹೇಳಿದರೂ ತಪ್ಪು ಅವನ ತಲೆಗೇ, ಸುಳ್ಳು ಹೇಳಿದರೂ ಅವನ ತಲೆಗೇ.

ಕಾಮಣ್ಣ ಎದ್ದು ಬೇಲಿ ಬಿಚ್ಚತೊಡಗಿದ. ಒಂದೊಂದೇ ಟೊಂಗೆ ಬಿಡಿಸಿ, ಮುಳ್ಳು ಮುರಿಯದ ಹಾಗೆ ಗೋಡೆಗೆ ಒಟ್ಟಿದ.

"ಇವನ್ನ ಒಲಿಗೆ ಹಾಕಬ್ಯಾಡ ಬೇ. ಹೊಳ್ಳಿ ಸಿಗಾಂಗಿಲ್ಲ. ಆ ಹುಡುಗಿ ಇನ್ನೊಂದು ಗಿಡಾ ಕೊಟ್ರ ಬೇಕಾಗತಾವ, ಈ ಸಲ ಎರಡು ಸುತ್ತು ಕಟ್ಟತೇನಿ." ತಿರುಗಿ ಅವಳನ್ನು ನೋಡಿದ. "ಕೊಡತಾಳಲ್ಲ?"

"ಹೂಂ," ಎಂದಳು ಸಿದ್ದಕ್ಕ. "ಕೊಡತಾಳ."